ಉದುರು ಹಣ್ಣಿನ ಸದುಪಯೋಗವೂ ಕ್ರಂಬಲ್ ಎಂಬ ಭಕ್ಷ್ಯವೂ

ವ್ಯವಸಾಯದ ಪತ್ರಿಕೆಯಲ್ಲಿ ಅಡಿಗೆಯ ವಿಷಯವೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಗೊಬ್ಬರ, ಬೀಜ, ನೀರಾವರಿ, ರೋಗನಿವಾರಣೆ ಇವುಗಳನ್ನು ಕುರಿತು ಓದಲು ಕುಳಿತ ಗ್ರಾಮದ ಯಜಮಾನರಿಗೂ ಭೂಮಾಲಿಕರಿಗೂ ಬೆಣ್ಣೆ, ಹಿಟ್ಟು, ಸಕ್ಕರೆಗಳ ಪ್ರಸ್ತಾಪವು ಅಪ್ರಸ್ತುತವೆಂದು ತೋರುವುದು ಸಹಜವೇ. ಆದರೆ ಇಲ್ಲಿ ಹೇಳಹೊರಟ ಸಂಗತಿಯು ಅಡಿಗೆಮನೆಯಲ್ಲಿ ಮುಗಿಯುವುದಾದರೂ ಮಾವಿನ ಮರದ ಬುಡದಲ್ಲಿ ಪ್ರಾರಂಭವಾಗತಕ್ಕದ್ದು. ಮರದ ಬುಡದಲ್ಲಿ ಬಿದ್ದು ಕೊಳೆಯುವ ಹಣ್ಣು ತೋಟಕ್ಕೆ ಶತ್ರುವೆಂಬುದೂ, ಅದೇ ಹಣ್ಣನ್ನು ಬಿದ್ದ ದಿನವೇ ಎತ್ತಿ ಒಲೆಯ ಮೇಲಿಟ್ಟರೆ ಮನೆಯ ಮಕ್ಕಳಿಗೆ ಮಿತ್ರನೆಂಬುದೂ ನಮ್ಮ ಅಭಿಪ್ರಾಯವಾಗಿದೆ. ಈ ಕೆಲಸಕ್ಕೆ ಎಲ್ಲಕ್ಕಿಂತ ಸುಲಭವಾಗಿ ಒದಗುವ ಭಕ್ಷ್ಯವೊಂದು ಇಂಗ್ಲೆಂಡಿನ ಮನೆಗಳಲ್ಲಿ ರೂಢಿಯಲ್ಲಿದೆ. ಅದರ ಹೆಸರು ಕ್ರಂಬಲ್.

ಕ್ರಂಬಲ್ ಎಂದರೆ ಪುಡಿಪುಡಿಯಾದದ್ದು ಎಂದು ಅರ್ಥ. ಹೆಚ್ಚಿದ ಹಣ್ಣನ್ನು ಒಂದು ಪಾತ್ರೆಯಲ್ಲಿ ಹರಡಿ, ಅದರ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಬೆರಳತುದಿಯಿಂದ ಉಜ್ಜಿ ಮಾಡಿದ ಒರಟು ಪುಡಿಯನ್ನು ಉದುರಿಸಿ, ಮೇಲುಭಾಗವು ಹೊಂಬಣ್ಣಕ್ಕೆ ತಿರುಗುವವರೆಗೆ ಬಿಸಿಗಾಳಿಯಲ್ಲಿ ಬೇಯಿಸಿದರೆ ಕ್ರಂಬಲ್ ಸಿದ್ಧವಾಯಿತು. ಕೆಳಗೆ ಮೆತ್ತಗೆ ಬೆಂದ ಹಣ್ಣು, ಮೇಲೆ ಗರಿಗರಿಯಾದ ಪುಡಿ. ಇದಕ್ಕಿಂತ ಹೆಚ್ಚಿನ ಗುಟ್ಟು ಅದರಲ್ಲಿ ಇಲ್ಲವು. ಲಟ್ಟಣಿಗೆ ಬೇಡ, ಪಾಕದ ಹದ ನೋಡಬೇಕಾದುದಿಲ್ಲ, ಅಚ್ಚು ಬೇಡ. ಮೊದಲ ಸಲ ಮಾಡುವವರೂ ಕೆಡಿಸಲಾರದ ಭಕ್ಷ್ಯಗಳು ಬಹಳವಿಲ್ಲ, ಇದು ಅಂಥವುಗಳಲ್ಲೊಂದು.

ಈ ಭಕ್ಷ್ಯವು ಬ್ರಿಟನ್ನಿನಲ್ಲಿ ಮನೆಮಾತಾದುದು ಸುಭಿಕ್ಷದ ಕಾಲದಲ್ಲಿ ಅಲ್ಲ, ಕೊರತೆಯ ಕಾಲದಲ್ಲಿ. ಎರಡನೆಯ ಮಹಾಯುದ್ಧದ ನಿಮಿತ್ತ ಆ ದೇಶದಲ್ಲಿ 1940ನೆಯ ಇಸವಿ ಜನವರಿ 8ರಿಂದ ಬೆಣ್ಣೆ ಸಕ್ಕರೆಗಳಿಗೆ ಪಡಿತರವು ಜಾರಿಗೆ ಬಂದಿತು. ಒಬ್ಬ ಮನುಷ್ಯನಿಗೆ ವಾರಕ್ಕೆ ಸಕ್ಕರೆಯು ಬಹುಕಾಲ 8 ಔನ್ಸು, ಎಂದರೆ ಸುಮಾರು 227 ಗ್ರಾಂ; ಬೆಣ್ಣೆಯಂತೂ ಕೆಲವು ಕಾಲ 2 ಔನ್ಸಿಗೆ, ಎಂದರೆ 57 ಗ್ರಾಮಿಗೆ ಇಳಿದಿತ್ತು. ಪಡಿತರವು ಪೂರ್ತಿಯಾಗಿ ತೊಲಗಿದ್ದು 1954ರ ಜುಲೈ ತಿಂಗಳಿನಲ್ಲಿ. ಅದಕ್ಕೆ ಮುಂಚೆ ಅಲ್ಲಿಯ ಗೃಹಿಣಿಯರು ಹಣ್ಣಿನ ಮೇಲೆ ಹಿಟ್ಟಿನ ಹಾಳೆಯನ್ನು ಲಟ್ಟಿಸಿ ಮುಚ್ಚಿ ಬೇಯಿಸುತ್ತಿದ್ದರು. ಅದಕ್ಕೆ ಹಿಟ್ಟೂ ಕೊಬ್ಬೂ ಹೆಚ್ಚು ಬೇಕು. ಅದರ ಬದಲಿಗೆ ಪುಡಿಯನ್ನು ಮೇಲೆ ತೆಳುವಾಗಿ ಉದುರಿಸಿದರೆ ಅಲ್ಪ ಸಾಮಗ್ರಿಯಲ್ಲಿ ಕೆಲಸವಾಗುತ್ತದೆ. ಬೆಣ್ಣೆ ಸಾಲದಿದ್ದರೆ ಬೇರೆ ಕೊಬ್ಬು, ಹಿಟ್ಟು ಸಾಲದಿದ್ದರೆ ಓಟ್ಸು ಅಥವಾ ಒಣಗಿದ ರೊಟ್ಟಿಯ ಪುಡಿ, ಹೀಗೆ ಕೈಗೆ ಸಿಕ್ಕಿದ್ದನ್ನು ಸೇರಿಸಬಹುದು. ಹಣ್ಣಿಗಾದರೋ ಮನೆಯ ಹಿತ್ತಲಿನಲ್ಲಿ ಗಾಳಿಗೆ ಬಿದ್ದ ಸೇಬು, ಬೇಲಿಯ ಮೇಲಿನ ಕಾಡುಹಣ್ಣು ಇದ್ದೇ ಇತ್ತು.

ಆ ದೇಶದವರು ಈ ವಿಷಯದಲ್ಲಿ ತೋರಿದ ಮತ್ತೊಂದು ವಿವೇಕವನ್ನು ಗ್ರಾಮದ ಮುಖ್ಯಸ್ಥರು ಗಮನಿಸಬೇಕು. 1915ರಲ್ಲಿ ವೇಲ್ಸಿನ ಆಂಗಲ್ಸಿ ದ್ವೀಪದ ಒಂದು ಹಳ್ಳಿಯಲ್ಲಿ ಬ್ರಿಟನ್ನಿನ ಮೊದಲನೆಯ ಗ್ರಾಮೀಣ ಮಹಿಳಾ ಸಂಸ್ಥೆಯು ಸ್ಥಾಪಿತವಾಗಿ, ಬರಬರುತ್ತ ಅಂಥ ಸಂಸ್ಥೆಗಳು ಊರೂರಿಗೆ ಹಬ್ಬಿದ್ದವು. 1940ರಲ್ಲಿ ಹಣ್ಣಿನ ಫಸಲು ವ್ಯರ್ಥವಾಗದಿರಲೆಂದು ಸರಕಾರವು ಈ ಸಂಸ್ಥೆಗಳಿಗೆ ಪಡಿತರದ ಹೊರಗೆ ಸಕ್ಕರೆಯನ್ನು ಒದಗಿಸಿತು. ಹಳ್ಳಿಯ ಹೆಂಗಸರು ಸಭಾಮಂದಿರಗಳಲ್ಲಿಯೂ ಹೊಲದ ಕೊಟ್ಟಿಗೆಗಳಲ್ಲಿಯೂ ಒಲೆ ಹೂಡಿ, ಅಲ್ಲಿಯ ಹಣ್ಣನ್ನು ಅಲ್ಲಿಯೇ ಕಾಯಿಸಿ ಜಾಮು ಮಾಡಿದರು. ಯುದ್ಧವಿದ್ದಾಗ ಹಣ್ಣು ಅಮೂಲ್ಯವೆಂದು ತಿಳಿಯುವುದಕ್ಕೆ ಯಾರೂ ಹೇಳಿಕೊಡಬೇಕಾದುದಿಲ್ಲ. ಯುದ್ಧವಿಲ್ಲದಾಗಲೂ ಅದು ಹಾಗೆಯೇ ಎಂದು ನೆನಪಿಡುವುದೇ ಕಷ್ಟ.

ಈಗ ನಮ್ಮ ತೋಟಗಳ ವಿಚಾರಕ್ಕೆ ಬರೋಣ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೀಳುವ ಮುಂಗಾರುಪೂರ್ವದ ಮಳೆಯು ಬರಿಗೈಯಲ್ಲಿ ಬರುವುದಿಲ್ಲ, ಬಿರುಗಾಳಿಯನ್ನು ಕರೆತರುತ್ತದೆ. ಒಂದು ರಾತ್ರಿಯ ಗಾಳಿಗೆ ಮರದ ಕೆಳಗೆ ಚಾಪೆ ಹಾಸಿದಂತೆ ಕಾಯಿ ಹಣ್ಣುಗಳು ಬೀಳುವುದನ್ನು ಎಲ್ಲರೂ ನೋಡಿದ್ದಾರೆ. ಎಳೆಗಾಯಿಗೆ ಉಪ್ಪಿನಕಾಯಿಯವರು ಗಿರಾಕಿಗಳಾಗಿ ದೊರೆಯುವರು. ಬಲಿತು ಹಣ್ಣಾಗುವ ಹೊತ್ತಿಗೆ ಬಿದ್ದು ಜಜ್ಜಿದ್ದನ್ನು ಮಂಡಿಯಲ್ಲಿ ಯಾರೂ ಕೇಳುವುದಿಲ್ಲ. ಅದು ಅಲ್ಲಿಯೇ ಕೊಳೆಯುತ್ತದೆ.

ಕೊಳೆತರೇನು, ಗೊಬ್ಬರವಾಯಿತು ಎಂದು ಹೇಳುವವರುಂಟು. ಈ ಮಾತು ಅರ್ಧ ಸತ್ಯವೂ ಪೂರ್ತಿ ನಷ್ಟವೂ ಆದುದು. ಮಾವು, ಸೀಬೆ ಮೊದಲಾದ ಹಣ್ಣುಗಳಿಗೆ ಬರುವ ಹಣ್ಣಿನ ನೊಣದ ಸಂಗತಿಯನ್ನು ತಿಳಿದವರು ಹೀಗೆ ಹೇಳಲಾರರು. ಈ ನೊಣದ ಹೆಣ್ಣು ಬಲಿಯುತ್ತಿರುವ ಹಣ್ಣಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದು ಬಿಳಿಯ ಹುಳುಗಳಾಗಿ ತಿರುಳನ್ನು ತಿನ್ನುತ್ತವೆ. ಹಣ್ಣು ಉದುರುತ್ತದೆ, ಹುಳುಗಳು ಬೆಳೆದು ಹಣ್ಣಿನಿಂದ ಹೊರಬಿದ್ದು ಕೆಲವು ಅಂಗುಲ ಮಣ್ಣಿನೊಳಕ್ಕೆ ಇಳಿದು ಕೋಶಗಳಾಗುತ್ತವೆ. ಬೇಸಿಗೆಯ ಕಾವಿನಲ್ಲಿ ಸುಮಾರು ಹತ್ತು ದಿನಗಳಿಗೆಲ್ಲಾ ಹೊಸ ನೊಣಗಳಾಗಿ ಮೇಲೆದ್ದು, ಹೊತ್ತು ಮೀರಿ ಹಣ್ಣಾಗುವ ನೀಲಂ ಮುಂತಾದ ಜಾತಿಗಳ ಮೇಲೆ ಎರಗುತ್ತವೆ. ಮರದ ಬುಡದಲ್ಲಿ ಬಿಟ್ಟ ಹಣ್ಣೆಂದರೆ ನೊಣಕ್ಕೆ ಬಿಟ್ಟ ತೊಟ್ಟಿಲು. ಆದಕಾರಣ ಮೋಹಕ ಬಲೆಯನ್ನು ಕಟ್ಟುವುದರ ಜೊತೆಗೆ ಉದುರಿದ ಹಣ್ಣನ್ನು ದಿನದಿನವೂ ಆರಿಸಿ ತೆಗೆಯಬೇಕೆಂಬುದು ತಜ್ಞರೆಲ್ಲರೂ ಒಪ್ಪಿದ ವಿಧಾನವಾಗಿದೆ.

ಒಬ್ಬರ ತೋಟವು ಶುಚಿಯಾದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ನೊಣಕ್ಕೆ ಸರ್ವೆ ನಂಬರೂ ಗೊತ್ತಿಲ್ಲ, ಬೇಲಿಯೂ ಅಡ್ಡಿಯಿಲ್ಲ. ಊರಿನ ನಾಲ್ಕು ತೋಟಗಳಲ್ಲಿ ಮೂವರು ಆರಿಸಿ ಒಬ್ಬರು ಬಿಟ್ಟರೆ ಆ ಒಬ್ಬರ ಉದಾಸೀನವು ಮಿಕ್ಕ ಮೂವರ ಶ್ರಮವನ್ನು ನುಂಗುವುದು. ಗ್ರಾಮದ ಯಜಮಾನರನ್ನು ಉದ್ದೇಶಿಸಿ ಇದನ್ನು ಬರೆಯುತ್ತಿರುವುದು ಈ ಕಾರಣದಿಂದಲೇ. ಕೀಟನಾಶಕವನ್ನು ಹಣ ಕೊಟ್ಟು ತರಬಹುದು. ಊರೊಟ್ಟಿನ ಶುಚಿತ್ವವನ್ನು ಮಾತಿನಿಂದಲೂ ಮೇಲ್ಪಂಕ್ತಿಯಿಂದಲೂ ತರಬೇಕು.

ಆದರೆ ಜನರು ಲಾಭವಿಲ್ಲದ ಕೆಲಸವನ್ನು ಬಹುದಿನ ಮಾಡುವುದಿಲ್ಲ. ಕೊಳೆತ ಹಣ್ಣನ್ನು ಹೂಳುವುದಕ್ಕೆಂದು ದಿನವೂ ಆಳನ್ನು ಕಳುಹಿಸಿರೆಂದರೆ ಮೊದಲ ವಾರ ಕಳುಹಿಸುವರು, ಎರಡನೆಯ ವಾರ ಮರೆಯುವರು. ಅದೇ, ಬುಟ್ಟಿಯಲ್ಲಿ ಬಂದ ಹಣ್ಣಿನಲ್ಲಿ ಅರ್ಧವು ಆ ದಿನದ ಸಂಜೆ ಮನೆಯವರ ಎಲೆಯ ಮೇಲೆ ಬರುತ್ತದೆಂದಾದರೆ ಬುಟ್ಟಿಯನ್ನು ಹಿಡಿದು ಓಡುವುದಕ್ಕೆ ಮಕ್ಕಳೇ ಮುಂದಾಗುವರು. ತೋಟದ ಶುಚಿತ್ವಕ್ಕೂ ಮನೆಯ ಸಿಹಿಗೂ ಹೀಗೆ ಗಂಟುಹಾಕುವುದೇ ನಮ್ಮ ಉದ್ದೇಶವು.

ಇದಕ್ಕೆ ಅಡ್ಡಿಯಾಗಿರುವ ಸಂಗತಿಯೊಂದಿದೆ. ಅದನ್ನು ಮುಚ್ಚಿಡುವುದು ತರವಲ್ಲ. ಶ್ರೀನಿವಾಸಪುರ, ಚಿಂತಾಮಣಿ, ರಾಮನಗರ ಮೊದಲಾದ ಮಾವಿನ ಸೀಮೆಗಳಲ್ಲಿ ಅನೇಕ ಭೂಮಾಲಿಕರು ಮರವು ಹೂ ಬಿಟ್ಟಾಗಲೇ ಅಥವಾ ಪೀಚು ಕಚ್ಚಿದಾಗಲೇ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಡುವರು. ಮುಂಗಡ ಹಣವು ಕೈಗೆ ಬರುವುದರಿಂದ ಇದು ಅವರಿಗೆ ಅನುಕೂಲವೇ. ಕಾಯುವ ಖರ್ಚೂ ಬೆಲೆಯ ಏರಿಳಿತದ ಭಯವೂ ತಪ್ಪುತ್ತವೆ. ಆದರೆ ಗುತ್ತಿಗೆಯಾದ ಮೇಲೆ ತನ್ನ ತಾತ ನೆಟ್ಟ ಮರದ ಹಣ್ಣನ್ನು ಮೊಮ್ಮಗನು ಮುಟ್ಟುವಂತಿಲ್ಲ. ತೋಟದ ಮಾಲಿಕರ ಮನೆಗೆ ಸಂತೆಯಿಂದ ಹಣ್ಣು ಬರುವುದುಂಟು! ಇದಕ್ಕಿಂತ ಮುಖ್ಯವಾದ ವಿಷಯವೆಂದರೆ, ಗುತ್ತಿಗೆದಾರನಿಗೆ ಕೊಯ್ಲಿನ ಹಣ್ಣು ಬೇಕೇ ಹೊರತು ಬಿದ್ದ ಹಣ್ಣನ್ನು ಆರಿಸುವ ಕೂಲಿಯ ಖರ್ಚು ಬೇಕಿಲ್ಲ. ಅವನು ಫಸಲನ್ನು ಮುಗಿಸಿಕೊಂಡು ಹೊರಟುಹೋಗುವನು. ನೆಲದೊಳಗಿನ ಹುಳು ಭೂಮಾಲಿಕರ ಪಾಲಿಗೆ ಉಳಿಯುವುದು.

ಆದುದರಿಂದ ಗುತ್ತಿಗೆಯ ಕರಾರನ್ನು ಬರೆಯುವಾಗ ಎರಡು ಮಾತುಗಳನ್ನು ಸೇರಿಸಿಕೊಳ್ಳತಕ್ಕದ್ದು. ಮನೆಯ ಉಪಯೋಗಕ್ಕೆಂದು ತೋಟದ ಒಂದೆರಡು ಮರಗಳನ್ನು ಗುತ್ತಿಗೆಯ ಹೊರಗೆ ಇಟ್ಟುಕೊಳ್ಳುವುದು ಒಂದು. ಬಲಿತ ಮೇಲೆ ತಾನಾಗಿ ಉದುರಿದ ಹಣ್ಣೆಲ್ಲವೂ ಮಾಲಿಕರಿಗೆ ಸೇರತಕ್ಕದ್ದು, ಅದನ್ನು ಆರಿಸುವುದಕ್ಕೆ ದಿನವೂ ಬೆಳಗ್ಗೆ ತೋಟದೊಳಕ್ಕೆ ಹೋಗುವ ಹಕ್ಕು ಅವರಿಗೆ ಇರತಕ್ಕದ್ದು ಎಂಬುದು ಇನ್ನೊಂದು. ಗುತ್ತಿಗೆದಾರನು ಇದರಿಂದ ಕಳೆದುಕೊಳ್ಳುವುದು ಅತ್ಯಲ್ಪ. ನೆಲದ ಹಣ್ಣಿಗಾಗಿ ಗೊಂಬೆಯನ್ನು ಅಲುಗಿಸುವರೆಂದು ಅವನು ಶಂಕಿಸಿದರೆ, ಆರಿಸುವ ಹೊತ್ತಿಗೆ ಅವನ ಕಾವಲುಗಾರನೂ ಜೊತೆಗಿರಲಿ. ಹೀಗೆ ಬರೆಸಿಕೊಂಡಲ್ಲಿ ಮುಂದಿನ ವರ್ಷದ ನೊಣವೂ ಕಡಮೆಯಾಗುವುದು, ಈ ವರ್ಷದ ಪಾತ್ರೆಯೂ ತುಂಬುವುದು. ಆರಿಸಿದ್ದರಲ್ಲಿ ಒಂದು ಪಾಲು ಆರಿಸಿದ ಆಳುಗಳ ಮನೆಗೂ ಹೋಗಬೇಕೆಂದು ನಾವು ಹೇಳುವೆವು. ಇದು ದಾನವಲ್ಲ, ಕೂಲಿಯ ಭಾಗವೆಂದೇ ಎಣಿಸುವುದು ಯುಕ್ತವು.

ಬುಟ್ಟಿಯು ಮನೆಗೆ ಬಂದ ಮೇಲೆ ಮೊದಲು ಮಾಡಬೇಕಾದುದು ವಿಂಗಡಣೆ. ಈ ವಿಷಯದಲ್ಲಿ ದಾಕ್ಷಿಣ್ಯವು ಕೂಡದು. ಹುಳು ಬಿದ್ದದ್ದು, ಬೂಷ್ಟು ಹಿಡಿದದ್ದು, ಹುಳಿವಾಸನೆ ಬಂದದ್ದು ಇವುಗಳನ್ನು ಕೂಡಲೆ ಬೇರೆ ಮಾಡಬೇಕು. ಬೂಷ್ಟಿನಲ್ಲಿ ಹುಟ್ಟುವ ಕೆಲವು ವಿಷಗಳು ಬೇಯಿಸಿದರೂ ಪೂರ್ತಿ ಹೋಗತಕ್ಕವಲ್ಲ. ಕೆಟ್ಟ ಭಾಗವನ್ನು ಕೊಯ್ದು ಮಿಕ್ಕಿದ್ದನ್ನು ಬಳಸುವ ಹಳೆಯ ಮಿತವ್ಯಯವು ಬೂಷ್ಟು ಹಿಡಿದ ಮೆತ್ತನೆಯ ಹಣ್ಣಿಗೆ ಸಲ್ಲುವುದಿಲ್ಲ. ಹಕ್ಕಿ, ಅಳಿಲು, ಬಾವಲಿಗಳು ಕಚ್ಚಿದ ಹಣ್ಣನ್ನಂತೂ ಸರ್ವಥಾ ಮುಟ್ಟಬಾರದು. 2018ರ ಮೇ ತಿಂಗಳಿನಲ್ಲಿ ನೆರೆಯ ಕೇರಳದ ಕೋಳಿಕ್ಕೋಡು ಪ್ರಾಂತದಲ್ಲಿ ನಿಫಾ ಎಂಬ ಜ್ವರವು ಕಾಣಿಸಿಕೊಂಡು ಹದಿನೇಳು ಮಂದಿಯಷ್ಟು ಜನರು ಮೃತರಾದರು. ಆ ರೋಗದ ವೈರಸ್ಸು ಹಣ್ಣು ತಿನ್ನುವ ಬಾವಲಿಗಳಲ್ಲಿ ವಾಸಿಸತಕ್ಕದ್ದು. ಹಲ್ಲಿನ ಗುರುತಿರುವ ಹಣ್ಣನ್ನು ಮಕ್ಕಳು ಎತ್ತಿ ಬಾಯಿಗೆ ಹಾಕದಂತೆ ಮೊದಲೇ ಹೇಳಿಡಬೇಕು. ಔಷಧ ಸಿಂಪಡಿಸಿದ ತೋಟದಲ್ಲಿ ಡಬ್ಬಿಯ ಮೇಲೆ ಹೇಳಿದಷ್ಟು ದಿನಗಳು ಕಳೆಯುವವರೆಗೆ ಬಿದ್ದ ಹಣ್ಣೂ ತಿನ್ನಲು ಯೋಗ್ಯವಲ್ಲ. ಬೇರೆ ಮಾಡಿದ ಹುಳುಕು ಹಣ್ಣನ್ನು ತಿಪ್ಪೆಗೆ ಎಸೆಯಕೂಡದು. ಎಸೆದರೆ ಹುಳುವನ್ನು ಸ್ಥಳಾಂತರ ಮಾಡಿದಂತಾಯಿತೇ ಹೊರತು ಕೊಂದಂತಾಗಲಿಲ್ಲ. ಎರಡು ಅಡಿ ಆಳದ ಗುಂಡಿಯಲ್ಲಿ ಹೂತು ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು, ಇಲ್ಲವೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಸುಡುಬಿಸಿಲಿನಲ್ಲಿ ಇಡಬೇಕು.

ಉಳಿದದ್ದು ಜಜ್ಜಿದ, ಸಿಪ್ಪೆ ಒಡೆದ, ಕಲೆಯಾದ, ಆದರೆ ತಿರುಳು ಕೆಡದ ಹಣ್ಣು. ಕ್ರಂಬಲ್ಲಿಗೆ ಬೇಕಾದುದು ಇದೇ. ನೋಟಕ್ಕೆ ಚೆನ್ನಾದ ಹಣ್ಣನ್ನು ಇದಕ್ಕೆ ಹಾಕುವುದು ದುಂದು.

ಯಾವ ಹಣ್ಣು ಒಳ್ಳೆಯದು ಎಂಬಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು. ಮಾವಿನಲ್ಲಿ ತೋತಾಪುರಿಯೇ ಈ ಕೆಲಸಕ್ಕೆ ಉತ್ತಮ. ಹಾಗೆಯೇ ತಿನ್ನಲು ಅದನ್ನು ಅಷ್ಟಾಗಿ ಆದರಿಸುವವರಿಲ್ಲವಾದರೂ ಅದರ ತಿರುಳು ಗಟ್ಟಿ, ಬೆಂದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ, ಹುಳಿಯೂ ಹದವಾಗಿ ಇದೆ. ರಸಪುರಿಯು ಬೆಂದರೆ ನೀರಾಗುವುದು. ಅದನ್ನು ಸೀಕರಣೆಗೇ ಬಿಡಬೇಕು. ಬಾದಾಮಿಯನ್ನು ಬೇಯಿಸುವುದು ನಮ್ಮ ಮನಸ್ಸಿಗೆ ಒಗ್ಗದು. ಸೀಬೆಯ ಬೀಜವನ್ನು ತೆಗೆದು ಹೆಚ್ಚಿದರೆ ಬಹಳ ರುಚಿಕರವಾಗುವುದು. ಇಂಗ್ಲಿಷರ ಸೇಬಿನ ಕ್ರಂಬಲ್ಲಿಗೆ ಸಮೀಪವಾದುದು ಇದೇ. ಅನಾನಸ್ಸು ತನ್ನ ಹುಳಿಯಿಂದಲೇ ಒಪ್ಪುವುದು. ಬಾಳೆ, ಸಪೋಟ, ಪರಂಗಿಗಳಲ್ಲಿ ಬರಿಯ ಸಿಹಿಯಿರುವುದರಿಂದ ಒಂದು ನಿಂಬೆಹಣ್ಣಿನ ರಸವನ್ನು ಹಿಂಡದಿದ್ದರೆ ಸಪ್ಪೆಯೆನಿಸುವುವು. ಹಲಸಿನ ತೊಳೆಯಲ್ಲಿ ಗಟ್ಟಿಯಾದ ಬಕ್ಕೆಯು ಮೆತ್ತನೆಯ ಅಂಬಲಿಗಿಂತ ಮೇಲು. ನೇರಳೆಯ ಬೀಜ ಬಿಡಿಸುವ ತಾಳ್ಮೆಯುಳ್ಳವರು ವಿರಳ. ಬಿಡಿಸಿದವರಿಗೆ ಬಣ್ಣವೂ ರುಚಿಯೂ ಬಹುಮಾನವಾಗಿ ದೊರೆಯುವುದು.

ಎಂಟು ಜನರ ಸಂಸಾರಕ್ಕೆ ಸಾಕಾಗುವ ಪ್ರಮಾಣವು ಹೀಗಿದೆ. ಸಿಪ್ಪೆ ಬೀಜ ತೆಗೆದು ಒಂದಂಗುಲದ ಹೋಳುಗಳಾಗಿ ಹೆಚ್ಚಿದ ಹಣ್ಣು 1 ಕಿಲೋಗ್ರಾಂ. ಮೇಲಿನ ಪುಡಿಗೆ ಗೋಧಿ ಹಿಟ್ಟು 200 ಗ್ರಾಂ, ಬೆಣ್ಣೆ 100 ಗ್ರಾಂ, ಸಕ್ಕರೆ ಅಥವಾ ಒಣಗಿದ ಬೆಲ್ಲದ ಪುಡಿ 100 ಗ್ರಾಂ. ತಕ್ಕಡಿಯಿಲ್ಲದವರು ಎರಡು ಪಾಲು ಹಿಟ್ಟು, ಒಂದು ಪಾಲು ಬೆಣ್ಣೆ, ಒಂದು ಪಾಲು ಸಿಹಿ, ಎಲ್ಲವೂ ತೂಕದಲ್ಲಿ, ಎಂದು ನೆನಪಿಟ್ಟುಕೊಂಡರೆ ಸಾಕು. ಕಣ್ಣಳತೆಯಲ್ಲಿ ತುಸು ಹೆಚ್ಚುಕಡಮೆಯಾದರೆ ಬಾಧಕವಿಲ್ಲ. ಒಂದು ಚಿಟಿಕೆ ಉಪ್ಪನ್ನು ಮರೆಯಕೂಡದು. ಹಣ್ಣು ಹುಳಿಯಾಗಿದ್ದರೆ ಅದಕ್ಕೂ ಎರಡು ಮೂರು ಚಮಚ ಸಿಹಿ ಬೇಕಾಗುವುದು. ರಸ ಹೆಚ್ಚಾದ ಹಣ್ಣಿಗೆ ಒಂದು ಚಮಚ ಅಕ್ಕಿಹಿಟ್ಟನ್ನು ಕಲಸಿದರೆ ರಸವು ಮಂದವಾಗಿ ನಿಲ್ಲುವುದು. ಏಲಕ್ಕಿಯೋ ಶುಂಠಿಯೋ ಅವರವರ ಇಷ್ಟ.

ಹಣ್ಣನ್ನು ಅಗಲವಾದ ಪಾತ್ರೆಯಲ್ಲಿ ಎರಡಂಗುಲ ದಪ್ಪವಾಗಿ ಹರಡಬೇಕು. ಬೆಣ್ಣೆಯು ತಣ್ಣಗೆ ಗಟ್ಟಿಯಾಗಿ ಇರತಕ್ಕದ್ದು. ಈ ಒಂದು ಮಾತನ್ನು ಮಾತ್ರ ಉಪೇಕ್ಷಿಸಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ನೀರನ್ನು ಚೆನ್ನಾಗಿ ಹಿಸುಕಿ ತೆಗೆದು, ತಣ್ಣಗಿನ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಉಪಯೋಗಿಸಬೇಕು. ಅದನ್ನು ಸಣ್ಣ ತುಂಡುಗಳಾಗಿ ಮಾಡಿ ಹಿಟ್ಟಿನಲ್ಲಿ ಹಾಕಿ, ಅಂಗೈಯನ್ನು ತಾಗಿಸದೆ, ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಯಿಂದ ಮೇಲಕ್ಕೆತ್ತಿ ಉಜ್ಜಿ ಉದುರಿಸುತ್ತಿರಬೇಕು. ಐದಾರು ನಿಮಿಷಗಳಲ್ಲಿ ಅದು ದಪ್ಪರವೆಯಂತೆಯೂ ನಡುನಡುವೆ ಕಡಲೆಕಾಳಿನ ಗಾತ್ರದ ಉಂಡೆಗಳಾಗಿಯೂ ಆಗುವುದು. ಅಲ್ಲಿಗೆ ನಿಲ್ಲಿಸಿ ಸಿಹಿಯನ್ನು ಬೆರಸಬೇಕು. ಚಪಾತಿಗೆ ನಾದಿದಂತೆ ನಾದುವುದು ಇಲ್ಲಿ ದೋಷ. ಕಾರಣವೇನೆಂದರೆ, ಗೋಧಿಯಲ್ಲಿರುವ ಅಂಟು ನೀರು ತಾಗಿ ನಾದಿದಷ್ಟೂ ಎಳೆಯೆಳೆಯಾಗಿ ಬಿಗಿಯುತ್ತದೆ. ಚಪಾತಿಗೆ ಅದು ಬೇಕು, ಕ್ರಂಬಲ್ಲಿಗೆ ಬೇಡ. ತಣ್ಣನೆಯ ಕೊಬ್ಬು ಹಿಟ್ಟಿನ ಕಣಗಳನ್ನು ಸುತ್ತಿ ನೀರನ್ನು ತಡೆಯುವುದರಿಂದ ಬೆಂದ ಮೇಲೆ ಪುಡಿಯು ಬಾಯಲ್ಲಿ ಕರಗುವಂತಾಗುವುದು. ರಾಗಿಯಲ್ಲಿ ಈ ಅಂಟೇ ಇಲ್ಲವಾದುದರಿಂದ ಹಳೆಯ ಮೈಸೂರು ಸೀಮೆಯವರು ಅರ್ಧ ಗೋಧಿಗೆ ಅರ್ಧ ರಾಗಿಹಿಟ್ಟನ್ನು ಸೇರಿಸಿ ನೋಡಬಹುದು. ಬೆಲ್ಲದ ಜೊತೆಗೆ ಅದರ ಪರಿಮಳವು ಬಲು ಹಿತವಾದುದು. ಬರಿಯ ರಾಗಿಯಾದರೆ ತೀರ ಧೂಳಾಗುವುದು. ಬೆಣ್ಣೆಯಿಲ್ಲದ ಮನೆಯಲ್ಲಿ ಹೆಪ್ಪುಗಟ್ಟಿದ ತುಪ್ಪವು ಒದಗುತ್ತದೆ. ತುಪ್ಪದಲ್ಲಿ ನೀರಿನ ಅಂಶವಿಲ್ಲದ ಕಾರಣ 100 ಗ್ರಾಮಿನ ಬದಲು 80 ಗ್ರಾಂ ಸಾಕು.

ಪುಡಿಯನ್ನು ಹಣ್ಣಿನ ಮೇಲೆ ಒತ್ತದೆ ಸಡಿಲವಾಗಿ ಉದುರಿಸಿ, ಅವನ್ ಎಂಬ ವಿದ್ಯುತ್ ಒಲೆಯಿದ್ದವರು ಅದನ್ನು ಮೊದಲೇ 180 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿಟ್ಟು 35ರಿಂದ 45 ನಿಮಿಷ ಬೇಯಿಸಬೇಕು. ಮೇಲೆ ಹೊಂಬಣ್ಣ ಬಂದು ಅಂಚಿನಲ್ಲಿ ಹಣ್ಣಿನ ರಸವು ಗುಳ್ಳೆಯೇಳುವುದೇ ಗುರುತು. ಬೆಲ್ಲ ಹಾಕಿದ್ದರೆ ಬಣ್ಣವು ಬೇಗ ಕಪ್ಪಾಗುವುದರಿಂದ ಅರ್ಧ ಗಂಟೆಯ ಮೇಲೆ ಕಣ್ಣಿಟ್ಟಿರಬೇಕು.

ಅವನ್ ಇಲ್ಲದವರು ನಿರಾಶರಾಗಬೇಕಾದುದಿಲ್ಲ. ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಪದ್ಧತಿಯು ನಮ್ಮ ಕರಾವಳಿಯ ಮನೆಗಳಿಗೆ ಹೊಸದಲ್ಲ. ದಪ್ಪ ತಳದ ಹಳೆಯ ಪಾತ್ರೆಯೊಂದರಲ್ಲಿ ಒಣ ಮರಳನ್ನು ಅಂಗುಲದಷ್ಟು ಹರಡಿ ಚೆನ್ನಾಗಿ ಕಾಯಿಸಿ, ಅದರ ಮೇಲೆ ಒಂದು ಉಕ್ಕಿನ ಬಟ್ಟಲನ್ನು ಕವುಚಿ, ಹಣ್ಣಿನ ಪಾತ್ರೆಯನ್ನು ಅದರ ಮೇಲಿಟ್ಟು, ಅಗಲವಾದ ಲೋಹದ ಮುಚ್ಚಳವನ್ನು ಮುಚ್ಚಿ, ಮುಚ್ಚಳದ ಮೇಲೆ ಕೆಂಡವನ್ನು ಹರಡಬೇಕು. ಒಂದು ಗಂಟೆಯ ಹೊತ್ತು ಹಿಡಿಯುವುದು. ಕೆಂಡಕ್ಕೂ ಅನುಕೂಲವಿಲ್ಲದಿದ್ದರೆ ಇನ್ನೂ ಸುಲಭವಾದ ದಾರಿಯಿದೆ: ಹಣ್ಣನ್ನು ಸಣ್ಣ ಉರಿಯ ಮೇಲೆ ಅದರ ರಸದಲ್ಲಿಯೇ ಬೇಯಿಸಿ, ಪುಡಿಯನ್ನು ಬಾಣಲೆಯಲ್ಲಿ ಮಂದವಾದ ಉರಿಯ ಮೇಲೆ ಕೈಯಾಡಿಸುತ್ತ ಘಮಘಮಿಸುವವರೆಗೆ ಹುರಿದು, ಬಡಿಸುವಾಗ ಮೇಲೆ ಉದುರಿಸಿಕೊಳ್ಳುವುದು. ಶಾಸ್ತ್ರ ಹೇಳುವವರು ಇದನ್ನು ಕ್ರಂಬಲ್ ಅಲ್ಲವೆನ್ನಬಹುದು. ತಿನ್ನುವವರು ಹಾಗೆನ್ನಲಾರರು.

ನಮ್ಮಲ್ಲಿಯೇ ಹಣ್ಣಿನ ಭಕ್ಷ್ಯಗಳು ಇಷ್ಟಿರುವಾಗ ಪರದೇಶದ್ದೇಕೆ ಎಂಬ ಆಕ್ಷೇಪಣೆಯು ಬಂದೇ ಬರುವುದು. ರಸಾಯನ, ಸೀಕರಣೆ, ಹಲಸಿನ ಕಡುಬು, ಮುಳಕ, ಮಾಂಬಳ ಇವುಗಳನ್ನು ತೊರೆಯಿರೆಂದು ಯಾರೂ ಹೇಳಿಲ್ಲ. ಆದರೆ ರಸಾಯನಕ್ಕೆ ನಿರ್ದೋಷವಾದ ಪಕ್ವ ಹಣ್ಣು ಬೇಕು, ಮಾಡಿದ ಹೊತ್ತಿನಲ್ಲಿಯೇ ತಿಂದು ಮುಗಿಸಬೇಕು. ಮಾಂಬಳಕ್ಕೆ ಎಷ್ಟೋ ದಿನಗಳ ಎಡೆಬಿಡದ ಬಿಸಿಲು ಬೇಕು. ಹಣ್ಣು ಹೇರಳವಾಗಿ ಉದುರುವುದು ಮಳೆಗಾಳಿ ಹೊಡೆದಾಗಲೇ ಅಲ್ಲವೆ? ಕಡುಬಿಗೆ ಅಕ್ಕಿ ನೆನೆಯಿಸಿ ರುಬ್ಬಬೇಕು. ಬುಟ್ಟಿಯು ಬೆಳಗ್ಗೆ ಅನಿರೀಕ್ಷಿತವಾಗಿ ಬಂದು ಸಂಜೆಗೆ ಮುಗಿಯಬೇಕಾದಾಗ, ನಾಲ್ಕು ಜಾತಿಯ ಜಜ್ಜಿದ ಹಣ್ಣು ಒಟ್ಟಿಗೆ ಬೆರೆತಿರುವಾಗ, ಇವು ಯಾವುವೂ ಸರಿಹೊಂದುವುದಿಲ್ಲ. ಕ್ರಂಬಲ್ಲಿಗೆ ಬೆರಕೆಯೂ ಆಗುತ್ತದೆ, ಕುರೂಪವೂ ಆಗುತ್ತದೆ. ಉಳಿದರೆ ತಣ್ಣಗಿನ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇರುತ್ತದೆ. ಮೆಣಸಿನಕಾಯಿಯೂ ಪರಂಗಿಯೂ ಅನಾನಸ್ಸೂ ನಮ್ಮ ಮನೆಗೆ ಬಂದಾಗ ಅವುಗಳ ಊರನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಆಕ್ಷೇಪಣೆಯು ಹೆಚ್ಚು ತೂಕವುಳ್ಳದ್ದು. ಮನೆಯ ಹೆಂಗಸರಿಗೆ ಇರುವ ಕೆಲಸವೇ ಸಾಲದೆ, ಮತ್ತೊಂದನ್ನು ಹೇರುವಿರಾ ಎಂಬುದು. ಇದು ನ್ಯಾಯವಾದ ಪ್ರಶ್ನೆಯು. ಹಣ್ಣನ್ನು ಆರಿಸುವುದು, ತೊಳೆಯುವುದು, ಹೆಚ್ಚುವುದು, ಇವೇ ಈ ಭಕ್ಷ್ಯದ ಶ್ರಮದಲ್ಲಿ ಮುಕ್ಕಾಲು ಪಾಲು. ಜಗಲಿಯ ಮೇಲೆ ಕುಳಿತು ಊರಿನ ವ್ಯವಹಾರವನ್ನು ಮಾತನಾಡುತ್ತಿರುವಾಗ ಯಜಮಾನರ ಕೈಗಳು ಸಾಮಾನ್ಯವಾಗಿ ಬಿಡುವಾಗಿಯೇ ಇರುತ್ತವೆ. ಒಂದು ಚಾಕುವನ್ನೂ ಒಂದು ಬುಟ್ಟಿ ಸೀಬೆಯನ್ನೂ ಅವರ ಮುಂದಿಟ್ಟರೆ ಮಾತಿಗೆ ಭಂಗ ಬರುವುದಿಲ್ಲ. ಮನೆಯವರಿಗೆ ಅಪ್ಪಣೆ ಮಾತ್ರ ಕೊಟ್ಟು ಸುಮ್ಮನಾಗುವ ಯಜಮಾನರ ಮನೆಯಲ್ಲಿ ಈ ಭಕ್ಷ್ಯವು ಒಂದು ಸಲಕ್ಕಿಂತ ಹೆಚ್ಚು ಆಗದೆಂದು ನಮಗೆ ನಂಬಿಕೆಯಿದೆ, ಆಗಲೂಬಾರದು.

ಈ ಭಕ್ಷ್ಯದ ಗುಣವನ್ನು ಅತಿಶಯವಾಗಿ ಹೊಗಳುವುದು ನಮ್ಮ ಇಚ್ಛೆಯಲ್ಲ. ಸೀಬೆಯಲ್ಲಿ ಸಿ ಜೀವಸತ್ವವು ಕಿತ್ತಳೆಗಿಂತ ಎಷ್ಟೋ ಹೆಚ್ಚಾಗಿದೆ ಎಂಬುದು ನಿಜ. ಬೇಯಿಸಿದಾಗ ಅದರಲ್ಲಿ ಒಂದು ಭಾಗವು ನಾಶವಾಗುವುದೂ ನಿಜ. ಹಸಿಯಾಗಿ ತಿನ್ನಬಹುದಾದ ಹಣ್ಣನ್ನು ಹಸಿಯಾಗಿ ತಿನ್ನುವುದೇ ಮೇಲು. ಬೆಣ್ಣೆಯೂ ಸಕ್ಕರೆಯೂ ಇರುವ ಪದಾರ್ಥವು ವಾರಕ್ಕೊಂದು ಸಲ ಎಲೆಯ ಮೇಲೆ ಬಂದರೆ ಸಾಕು, ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕಿದ್ದೇವೆಂದು ಹೇಳಿ ಬಡಿಸುವುದು ಆತ್ಮವಂಚನೆ. ಬೆಲ್ಲವೂ ಸಕ್ಕರೆಯೇ.

ಮಾವಿನ ಬೆಲೆಯ ದೊಡ್ಡ ಸಮಸ್ಯೆಗೂ ಇದು ಔಷಧವಲ್ಲ. 2025ರ ಜೂನ್ ತಿಂಗಳಿನಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯವರು ಹೊರರಾಜ್ಯದ ತೋತಾಪುರಿಯು ತಮ್ಮ ರಸದ ಕಾರ್ಖಾನೆಗಳಿಗೆ ಬರುವುದನ್ನು ತಡೆದಾಗ, ಮೊದಲೇ ಇಳಿದಿದ್ದ ಬೆಲೆಯೊಡನೆ ಕೋಲಾರ ಸೀಮೆಯ ಬೆಳೆಗಾರರು ಎಷ್ಟು ಕಷ್ಟಕ್ಕೆ ಗುರಿಯಾದರೆಂಬುದು ಸರ್ವವಿದಿತವೇ. ಲಾರಿಗಟ್ಟಲೆ ಹಣ್ಣಿಗೆ ಕಾರ್ಖಾನೆ, ಶೀತಲಗೃಹ, ಸರಕಾರದ ಬೆಂಬಲ ಬೇಕೇ ಹೊರತು ಒಂದು ಮನೆಯ ಪಾತ್ರೆಯು ಯಾವ ಮೂಲೆಗೆ ಸಾಕಾದೀತು? ಆದರೆ ಲಾರಿಯ ಹಣ್ಣಿಗೆ ದಾರಿ ಕಾಣದೆಂದು ಬುಟ್ಟಿಯ ಹಣ್ಣನ್ನೂ ಕೊಳೆಯಗೊಡುವುದಕ್ಕೆ ಯಾವ ನ್ಯಾಯವೂ ಕಾಣದು.

ಊರಿನ ಸ್ತ್ರೀಶಕ್ತಿ ಸಂಘದವರು ಇದನ್ನು ಕೈಗೊಂಡು, ಜಾತ್ರೆಯಲ್ಲಿಯೋ ಶಾಲೆಯ ಉತ್ಸವದಲ್ಲಿಯೋ ಮಾಡಿ ತೋರಿಸಿದರೆ ಬಹಳ ಅನುಕೂಲವಾದೀತು. ಮಾರಾಟಕ್ಕೆ ಮಾಡುವವರು ಆಹಾರ ಸುರಕ್ಷತೆಯ ಕಾನೂನಿನಂತೆ ನೋಂದಣಿಯನ್ನು ಮೊದಲು ಪಡೆಯಬೇಕು. ಬೇಕರಿಯ ಕೆಲಸವನ್ನು ಕ್ರಮವಾಗಿ ಕಲಿಯಬೇಕೆಂಬ ಯುವಕ ಯುವತಿಯರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಬೇಕರಿ ತರಬೇತಿಯ ಘಟಕವೊಂದನ್ನು ಇಟ್ಟಿದೆ. ವ್ಯವಸಾಯದ ವಿದ್ಯಾಲಯವೇ ಬೇಕರಿಯನ್ನು ಕಲಿಸುತ್ತಿರುವಾಗ, ವ್ಯವಸಾಯದ ಪತ್ರಿಕೆಯು ಒಂದು ಸಲ ಅದರ ಮಾತನ್ನೆತ್ತಿದ್ದಕ್ಕೆ ವಾಚಕರು ಕ್ಷಮಿಸುವರೆಂದು ನಂಬಿದ್ದೇವೆ.

ಫಸಲು ಗುತ್ತಿಗೆಯ ಮಾತುಕತೆಗಳು ಹೂ ಬಿಡುವ ಮಾಘಮಾಸದ ಸುಮಾರಿಗೆ ಪ್ರಾರಂಭವಾಗುವುವು. ಉದುರು ಹಣ್ಣಿನ ಕರಾರನ್ನು ಬರೆಸಿಕೊಳ್ಳಬೇಕೆಂದಿರುವವರು ಮುಂಗಡವನ್ನು ತೆಗೆದುಕೊಳ್ಳುವ ಮುಂಚೆಯೇ ಆ ಮಾತನ್ನು ಎತ್ತಬೇಕು. ಹಣವು ಕೈಸೇರಿದ ಮೇಲೆ ಗುತ್ತಿಗೆದಾರನು ಕಿವಿಗೊಡಲಾರನು.